ಕನಸಿನಲ್ಲಿ ಕಂಡವರ ಚಹರೆ

ನನಗೆ ಕನಸಿನಲ್ಲಿ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ. ಈ ಸಂಗತಿ ನನಗೆ ಗೊತ್ತಾದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಎಲ್ಲರಂತೆ ನಾನೂ ಕನಸು ಕಾಣುತ್ತಿದ್ದೆ. ಜನ ಬರುತ್ತಿದ್ದರು, ಹೋಗುತ್ತಿದ್ದರು, ಕೆಲವರು ಊಟ ಮುಗಿಸಿಕೊಂಡೇ ಹೋಗುತ್ತಿದ್ದರು. ಅವರಿಗೆ ಮುಖ ಇದೆಯೋ ಇಲ್ಲವೋ ಎಂದು ಪರೀಕ್ಷಿಸಿ ನೋಡಿರಲಿಲ್ಲ. ಮನೆಗೆ ಬಂದವರನ್ನು ಹಾಗೆ ಯಾರು ಪರೀಕ್ಷಿಸುತ್ತಾರೆ?

ನಂಬಿಕೆ ಬಾರದಿದ್ದರೆ ನೀವೇ ಯೋಚಿಸಿ. ಹೋದ ವಾರ ನಿಮ್ಮ ಕನಸಿಗೆ ಯಾರೋ ಬಂದಿದ್ದರಲ್ಲ, ಅವರ ಮೂಗು ಹೇಗಿತ್ತು? ಕನ್ನಡಕ ಹಾಕಿದ್ದರೇ? ಗಡ್ಡ ಮಾಡಿಕೊಂಡು ಬಂದಿದ್ದರೇ? ಬಂದವರು ಅವರೇ ಎಂದು ಆಣೆ ಮಾಡಿ ಹೇಳಬಲ್ಲಿರಿ, ಮೂಗಿನ ವಿಚಾರ ಬಂದರೆ ಮಾತ್ರ ಮೇಲೆ ಕೆಳಗೆ ನೋಡುತ್ತೀರಿ.

ನಿಪ್ಪಾಣಿಯಲ್ಲಿದ್ದ ನನ್ನ ಸೋದರಮಾವ ತೀರಿಕೊಂಡು ಇಪ್ಪತ್ತು ವರ್ಷಗಳಾದವು. ಜೀವಮಾನವಿಡೀ ಮರಾಠಿಯಲ್ಲಿ ಮಾತಾಡಿದವರು. ಅವರು ನನ್ನ ಕನಸಿಗೆ ಬಂದು ಅಚ್ಚ ಕನ್ನಡದಲ್ಲಿ ಬೈಯುತ್ತಾರೆ. ಮುಖ ಕಾಣುವುದಿಲ್ಲ, ಭಾಷೆ ಅವರದಲ್ಲ, ಆದರೂ ಅವರೇ ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಹೇಗೆಂದರೆ, ಬೈಗುಳ ಮುಗಿದ ಮೇಲೆ ಅವರ ಧೋತರದ ತಂಬಾಕಿನ ವಾಸನೆ ಉಳಿದಿರುತ್ತದೆ.

ನನ್ನ ಹೆಂಡತಿ ಸುಮಿತ್ರಾಳನ್ನು ಕೇಳಿದೆ. ಅವಳ ಕನಸಿಗೆ ಹೆಚ್ಚಾಗಿ ಬರುವವಳು ನನ್ನ ತಾಯಿ. ಮುಖ ಕಾಣುತ್ತದೆಯೇ ಎಂದರೆ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದಳು: “ಅತ್ತಿಯವರು ಬಂದ್ರ ಮಾರಿ ನೋಡಬೇಕಂತೇನ್ರಿ? ನಾ ಎದ್ದು ನಿಂತಿರತೇನಿ. ಅದರ ಮ್ಯಾಲೆ ಗೊತ್ತಾಗತೈತಿ.”

ನನಗೆ ಕಟಿಂಗ್ ಮಾಡುವವನಿಗೆ ಕನಸಿನಲ್ಲಿ ಬರೀ ಹಿಂಗತ್ತುಗಳೇ ಕಾಣುತ್ತವಂತೆ. ನನ್ನದೂ ಬಂದಿತ್ತಂತೆ. ಹೇಗಿತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈ ವಿಚಾರಣೆಯನ್ನೆಲ್ಲ ನಾನು ಕಾಲಹರಣಕ್ಕೆ ಮಾಡಿದ್ದಲ್ಲ. ಕನಸಿನ ಒಂದು ಮುಖದಿಂದ ನಾನು ಒಬ್ಬ ಬಡಪಾಯಿಯನ್ನು ಹೆಚ್ಚುಕಡಿಮೆ ಜೈಲಿನ ಬಾಗಿಲವರೆಗೆ ಕರೆದೊಯ್ದಿದ್ದೆ. ಅದನ್ನು ಹೇಳುವ ಮೊದಲು ನನ್ನ ಕಸುಬು ಏನಾಗಿತ್ತೆಂದು ಹೇಳಬೇಕು. ಇಲ್ಲದಿದ್ದರೆ ನನ್ನ ನಾಚಿಕೆಯ ಅಳತೆ ನಿಮಗೆ ಸಿಗುವುದಿಲ್ಲ.

ನಾನು ಚಿಕ್ಕೋಡಿಯಲ್ಲಿ ಕೋರ್ಟಿನ ಗುಮಾಸ್ತನಾಗಿದ್ದೆ. ಮೂವತ್ತು ವರ್ಷ ಸಾಕ್ಷಿಗಳು ಹೇಳಿದ್ದನ್ನು ಬರೆದುಕೊಂಡೆ, ಆಮೇಲೆ ಟೈಪು ಮಾಡಿದೆ, ಕೊನೆಗೆ ಕಂಪ್ಯೂಟರಿಗೆ ಹಾಕಿದೆ. “ಕಣ್ಣಾರೆ ನೋಡೇನ್ರಿ” ಎಂಬ ಮಾತನ್ನು ನಾನು ಕೇಳಿದಷ್ಟು ಸಲ ಬೇರೆ ಯಾರೂ ಕೇಳಿರಲಾರರು. ಕೇಳಿದಾಗಲೆಲ್ಲ ಮೀಸೆಯಲ್ಲಿ ನಗುತ್ತಿದ್ದೆ. ರಾಯಬಾಗದ ಕಡೆಯ ಒಬ್ಬ ಮುದುಕ ಬದುವಿನ ಜಗಳದಲ್ಲಿ ಸಾಕ್ಷಿ ಹೇಳಲು ಬಂದಿದ್ದ. ಅಷ್ಟು ಕತ್ತಲೆಯಲ್ಲಿ ಆರೋಪಿಯನ್ನು ಹೇಗೆ ಗುರುತಿಸಿದೆ ಎಂದು ವಕೀಲರು ಕೇಳಿದಾಗ ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಅವನ ಕೆಮ್ಮ ನನಗ ಗೊತ್ತಿಲ್ಲೇನ್ರಿ?” ಎಂದ. ಇಡೀ ಕೋರ್ಟು ನಕ್ಕಿತು, ನಾನೂ ನಕ್ಕೆ. ಈಗ ಆ ಮುದುಕನಿಗೆ ಕೈಮುಗಿಯಬೇಕೆನಿಸುತ್ತದೆ. ತಾನು ನೋಡಲಿಲ್ಲ, ಕೇಳಿದೆ ಎಂಬುದಾದರೂ ಅವನಿಗೆ ಗೊತ್ತಿತ್ತು.

ಇನ್ನು ಕಾಗದಪತ್ರಗಳಲ್ಲಿ ಬರುವ ಚಹರೆ ಪಟ್ಟಿ. ಅದನ್ನು ನೀವೂ ಓದಿರುತ್ತೀರಿ: ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಓಡಿಹೋದವನು, ಕಾಣೆಯಾದವನು, ಸಿಕ್ಕಿಬಿದ್ದವನು ಎಲ್ಲರದೂ ಅದೇ. ಆ ಪಟ್ಟಿ ಹಿಡಿದು ಹೊರಟರೆ ಕಾಗವಾಡದಿಂದ ಚಿಕ್ಕೋಡಿಯವರೆಗೆ ಅರ್ಧ ಜನರನ್ನು ಹಿಡಿದು ತರಬಹುದು, ಹಿಡಿಯಲು ಹೋದವರೂ ಸೇರಿ. ನಾನು ಸಾಕ್ಷಿಯಾದರೆ ಹೀಗೆ ಹೇಳುವುದಿಲ್ಲ, ಕೂದಲೆಳೆಯಷ್ಟು ಖಚಿತವಾಗಿ ಹೇಳುತ್ತೇನೆ ಎಂದು ಆಗಾಗ ಅಂದುಕೊಳ್ಳುತ್ತಿದ್ದೆ. ಅಂಥದ್ದನ್ನೆಲ್ಲ ಅಂದುಕೊಳ್ಳಬಾರದು.

ಕಳೆದ ಕಬ್ಬಿನ ಹಂಗಾಮಿನಲ್ಲಿ ಒಂದು ದಿನ ಮುಂಜಾನೆ ಕರೋಶಿಗೆ ಹೋಗಿದ್ದೆ. ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತ ಕ್ರಾಸಿನ ಚಹಾದಂಗಡಿಯಲ್ಲಿ ಕುಳಿತೆ. ಥಂಡಿ ಜೋರಾಗಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬರುತ್ತಿದ್ದವು. ಡ್ರೈವರುಗಳು ಇಳಿದು ಬಂದು, ತಲೆಗೂ ಮುಖಕ್ಕೂ ಸುತ್ತಿದ ಟವೆಲು ಬಿಚ್ಚಿ, ಚಹಾವನ್ನು ಬಸಿಗೆ ಬಗ್ಗಿಸಿಕೊಂಡು ಕುಡಿದು, ಮತ್ತೆ ಸುತ್ತಿಕೊಂಡು ಹೋಗುತ್ತಿದ್ದರು. ಬೆಂಚಿನ ಮೇಲೆ ನನ್ನ ಪಕ್ಕದಲ್ಲೂ ಯಾರೋ ಕುಳಿತರು, ಕುಡಿದರು, ಎದ್ದು ಹೋದರು.

ನಾನು ಎದ್ದು ರಸ್ತೆಯ ಅಂಚಿಗೆ ಬಂದಾಗ ಏಳೂ ಮುಕ್ಕಾಲು. ಎದುರಿನಿಂದ ದಸ್ತಗೀರ ಸ್ಕೂಟರಿನಲ್ಲಿ ಬರುತ್ತಿದ್ದ. ದಸ್ತಗೀರ ಚಿಕ್ಕೋಡಿಯಲ್ಲಿ ನಮ್ಮ ಓಣಿಯ ದರ್ಜಿ. ಇಪ್ಪತ್ತೈದು ವರ್ಷಗಳಿಂದ ನನ್ನ ಅಂಗಿಗಳೆಲ್ಲ ಅವನವೇ. ಮದುವೆ ಮನೆಯೊಂದಕ್ಕೆ ಹೊಲಿದ ರವಿಕೆಗಳನ್ನು, ನಮ್ಮ ಕಡೆಯ ಮಾತಿನಲ್ಲಿ ಜಂಪರುಗಳನ್ನು, ತಲುಪಿಸಲು ಹೊರಟಿದ್ದ. ನನ್ನನ್ನು ಕಂಡು ಕೈ ಎತ್ತಿದ. ನಾನೂ ಎತ್ತಿದೆ. ಆಗಲೇ ಒಂದು ಕೆಂಪು ಟ್ರ್ಯಾಕ್ಟರು ತಿರುವು ತೆಗೆದುಕೊಂಡಿತು. ಮೊದಲನೆಯ ಟ್ರ್ಯಾಲಿ ಅವನನ್ನು ದಾಟಿತು. ಎರಡನೆಯದು ಅಡ್ಡಕ್ಕೆ ಬೀಸಿ ಸ್ಕೂಟರಿಗೆ ತಾಗಿತು. ದೊಡ್ಡ ಸದ್ದೇನೂ ಆಗಲಿಲ್ಲ. ಕಬ್ಬಿನ ಜಲ್ಲೆ ಮುರಿದ ಹಾಗೆ ಒಂದು ಸದ್ದು, ಅಷ್ಟೇ. ಮುರಿದದ್ದು ಅವನ ಕಾಲು.

ನಾನು ನಿಂತಲ್ಲಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ. ಆಮೇಲೆ ಹೋಗಿ ಅಳೆದಿದ್ದೇನೆ. ಡ್ರೈವರ ಇಳಿದ. ಎರಡು ಹೆಜ್ಜೆ ಮುಂದೆ ಬಂದ. ನಮ್ಮನ್ನು ನೋಡಿದ. ತಿರುಗಿ ಹತ್ತಿದ, ಹೊರಟುಹೋದ. ಹಿಂದಿನ ಟ್ರ್ಯಾಲಿಯ ನಂಬರಿನ ಮೇಲೆ ಕಬ್ಬಿನ ಸೋಗೆ ಜೋತುಬಿದ್ದಿತ್ತು.

ಜಂಪರುಗಳು ರಸ್ತೆಯ ತುಂಬ ಬಿದ್ದಿದ್ದವು, ಕೆಂಪು, ಹಸಿರು, ಅರಿಶಿನ ಬಣ್ಣದವು. ದಸ್ತಗೀರ ಮಲಗಿದಲ್ಲಿಂದಲೇ, “ಅಣ್ಣಾರ, ಮದವಿ ಜಂಪರ ಅದಾವ್ರಿ, ಯಾರೂ ತುಳೀಧಂಗ ನೋಡ್ರಿ” ಎಂದ. ನಾನು ಅವನನ್ನು ಬಿಟ್ಟು ಜಂಪರು ಆರಿಸತೊಡಗಿದೆ. ಜನ ಬಂದು ಅವನನ್ನು ಎತ್ತಿದರು. ಆಸ್ಪತ್ರೆಗೆ ಸಾಗಿಸಿದರು. ಡ್ರೈವರನ ಚಹರೆ ಹೇಳಿ ಎಂದು ಪೊಲೀಸರು ಕೇಳಿದಾಗ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮೂವತ್ತು ವರ್ಷ ಬೇರೆಯವರ ಬಾಯಿಂದ ಹೊರಟದ್ದನ್ನು ಬರೆದುಕೊಂಡವನು ನಾನು.

ಮೂರನೆಯ ದಿನ ಬೆಳಗಿನ ಜಾವ ಕನಸು ಬಿತ್ತು. ಅದೇ ಕ್ರಾಸು, ಅದೇ ಟ್ರ್ಯಾಕ್ಟರು. ಡ್ರೈವರ ಇಳಿದ, ನನ್ನ ಕಡೆ ತಿರುಗಿದ. ಈ ಸಲ ಮುಖ ಹಗಲಿನಷ್ಟು ಸ್ಪಷ್ಟವಾಗಿತ್ತು. ಎದ್ದವನೇ ಬಾಯಿ ಕೂಡ ತೊಳೆಯದೆ ಹಾಳೆ ತೆಗೆದುಕೊಂಡು ಬರೆದೆ: ಅಗಲವಾದ ಹಣೆ, ಮೂಗಿನ ಎಡಕ್ಕೆ ಕಡಲೆಕಾಳಿನಷ್ಟು ಮಚ್ಚೆ, ಮೀಸೆಯ ಬಲತುದಿ ಎಡತುದಿಗಿಂತ ಗಿಡ್ಡ. ನನ್ನ ಬರಹವನ್ನು ನಾನೇ ಮೆಚ್ಚಿಕೊಂಡೆ. ಗೋಧಿ ಮೈಬಣ್ಣ ಅದರಲ್ಲಿ ಎಲ್ಲೂ ಇರಲಿಲ್ಲ.

ಸುಮಿತ್ರಾ ಹಾಳೆಯನ್ನು ಓದಿ, ಮೂರು ದಿನ ನೆನಪಾಗದ್ದು ಇವತ್ತು ಹೇಗೆ ನೆನಪಾಯಿತು ಎಂದು ಕೇಳಿದಳು. ಮನಸ್ಸು ಈಗ ತಿಳಿಯಾಗಿದೆ ಎಂದೆ. ಗೋಡೆಯ ಮೇಲಿನ ಫೋಟೋದ ಗಾಜಿಗೆ ಧೂಳು ಕೂತಿತ್ತು, ಕನಸು ಅದನ್ನು ಒರೆಸಿಕೊಟ್ಟಿತು, ಒಳಗಿದ್ದ ಚಿತ್ರ ಮೊದಲಿನಿಂದಲೂ ಅಲ್ಲೇ ಇತ್ತು. ಹೀಗೆ ವಿವರಿಸಿದೆ, ನಾನೂ ನಂಬಿದೆ. ಅವಳು “ಹೂಂ” ಎಂದಳು. ಅವಳ ಹೂಂಗಳಲ್ಲಿ ಹಲವು ಬಗೆಗಳಿವೆ. ಇದು ಒಪ್ಪಿಗೆಯ ಹೂಂ ಆಗಿರಲಿಲ್ಲ. ಆದರೂ ಕನಸಿನ ಮಾತು ಎತ್ತದೆ ಹಾಳೆಯನ್ನು ಠಾಣೆಗೆ ಕೊಟ್ಟೆ.

ಒಬ್ಬ ಕಾನ್‌ಸ್ಟೇಬಲ್ ನನ್ನನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಬ್ಬಿನ ಟ್ರ್ಯಾಕ್ಟರುಗಳು ಸರದಿಗೆ ನಿಲ್ಲುವ ಬಯಲಿಗೆ ಕರೆದೊಯ್ದ. ನೂರಾರು ಟ್ರ್ಯಾಕ್ಟರುಗಳಿದ್ದವು, ಅರ್ಧಕ್ಕರ್ಧ ಕೆಂಪು. ಡ್ರೈವರುಗಳು ಟ್ರ್ಯಾಲಿಗಳ ನೆರಳಲ್ಲಿ ಮಲಗಿದ್ದರು, ಇಸ್ಪೀಟು ಆಡುತ್ತಿದ್ದರು, ರೊಟ್ಟಿ ಗಂಟು ಬಿಚ್ಚುತ್ತಿದ್ದರು. ಅರ್ಧ ಗಂಟೆ ತಿರುಗಿದ ಮೇಲೆ ಕಂಡ. ಟವೆಲು ಹೆಗಲ ಮೇಲೆ ಹಾಕಿಕೊಂಡು ಹಸಿ ಮೆಣಸಿನಕಾಯಿ ಕಚ್ಚುತ್ತ ಕುಳಿತಿದ್ದ. ಹಣೆ, ಮಚ್ಚೆ, ಮೀಸೆ ಮೂರೂ ಹಾಳೆಯಲ್ಲಿ ಬರೆದಂತೆಯೇ ಇದ್ದವು.

“ಇವನೇ” ಎಂದೆ.

ಅವನು ಎದ್ದು ನಿಂತ. ಬಾಗಿಲಿನಷ್ಟು ದೊಡ್ಡ ಆಳು. ಹೆಸರು ಸಿದ್ರಾಯ, ಊರು ಅಥಣಿ ಕಡೆಯ ತೆಲಸಂಗ. ವಿಷಯ ತಿಳಿದು ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟ. ನನ್ನನ್ನು ದಿಟ್ಟಿಸಿ ನೋಡಿ, “ಸಾಹೇಬ್ರ, ನಿಮ್ಮ ಗುರ್ತ ಐತ್ರಿ ನನಗ” ಎಂದ. “ಆವತ್ತ ಚಾದಂಗಡ್ಯಾಗ ನಿಮ್ಮ ಬಾಜೂಕ ಕುಂತಿದ್ನಿ. ನೀವ ಸರದು ಜಾಗಾ ಕೊಟ್ರಿ. ಚಾ ಕುಡುದು ನಿಮಗಿಂತ ಮೊದಲ ಎದ್ದು ಹೋದ್ನಿ.”

ನಾನು ಕಾನ್‌ಸ್ಟೇಬಲ್ಲನ ಕಡೆ ನೋಡಿ ನಕ್ಕೆ. ಇಂಥ ಜಾಣ್ಮೆಯನ್ನು ನಾನು ಎಷ್ಟು ಬರೆದುಕೊಂಡಿಲ್ಲ! ಸ್ಥಳದಲ್ಲಿದ್ದೆ ಎಂದು ತಾನೇ ಒಪ್ಪಿಕೊಂಡನಲ್ಲ ಎಂದು ಮನಸ್ಸಿನಲ್ಲೇ ಒಂದು ಗೆರೆ ಎಳೆದೆ. ಅವನ ಟ್ರ್ಯಾಕ್ಟರನ್ನೂ ಲೈಸೆನ್ಸನ್ನೂ ಹಿಡಿದಿಟ್ಟುಕೊಂಡರು. ಮರುದಿನ ಹತ್ತು ಗಂಟೆಗೆ ಠಾಣೆಗೆ ಬಂದು ಹೇಳಿಕೆಗೆ ಸಹಿ ಮಾಡಬೇಕೆಂದು ನನಗೆ ಹೇಳಿದರು. ಸಹಿಯಾದರೆ ಅವನ ಮೇಲೆ ಕೇಸು. ಆಮೇಲೆ ಲೈಸೆನ್ಸು ಯಾವಾಗ ಸಿಗುತ್ತದೆಯೋ, ಮತ್ತೆ ಯಾರು ಅವನ ಕೈಗೆ ಟ್ರ್ಯಾಕ್ಟರು ಕೊಡುತ್ತಾರೋ ಎಂಬುದು ಮೂವತ್ತು ವರ್ಷ ಕೋರ್ಟಿನಲ್ಲಿದ್ದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಪ್ಪು ಮಾಡಿದ್ದಾನೆ, ಅನುಭವಿಸುತ್ತಾನೆ ಎಂದುಕೊಂಡೆ.

ಸಂಜೆ ದಸ್ತಗೀರನ ಮನೆಗೆ ಹೋದೆ. ಗೆದ್ದು ಬಂದವನ ನಡಿಗೆ ನನ್ನದು. ಅವನು ಮಂಚದ ಮೇಲೆ ಒರಗಿದ್ದ. ಪ್ಲಾಸ್ಟರು ಹಾಕಿದ ಕಾಲು ತಲೆದಿಂಬಿನ ಮೇಲಿತ್ತು. ಮಷಿನ್ನು ತುಳಿಯುವ ಕಾಲೇ ಮುರಿದಿದ್ದರಿಂದ ಹೆಂಡತಿಯನ್ನು ಮಷಿನ್ನಿಗೆ ಕೂರಿಸಿ, ತಾನು ಕೈಹೊಲಿಗೆ ಹಾಕುತ್ತ, ಹೊಲಿಗೆ ಸೊಟ್ಟ ಹೋಯಿತೆಂದು ಅವಳಿಗೆ ಕಿರಿಕಿರಿ ಮಾಡುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳದೆ ತುಳಿಯುತ್ತಿದ್ದಳು. ನಾನು ಕನಸು ಬಿದ್ದಲ್ಲಿಂದ ಹಿಡಿದು ಸಿದ್ರಾಯ ಸಿಕ್ಕಿದ್ದರವರೆಗೆ ಎಲ್ಲವನ್ನೂ ಹೇಳಿದೆ.

ಅವನು ಸೂಜಿ ನಿಲ್ಲಿಸಿ ಕೇಳಿದ್ದು ಒಂದೇ. “ಎದಿ ಎಷ್ಟಿದ್ದೀತ್ರಿ ಅವಂದು?”

ನಾನು ನಕ್ಕೆ. ಅವನು ನಗಲಿಲ್ಲ. ತನಗೆ ಜನರ ಮುಖ ನೆನಪಿರುವುದಿಲ್ಲ, ಕನಸಿನಲ್ಲಂತೂ ಕಾಣುವುದೇ ಇಲ್ಲ ಎಂದ. ಕಾಣುವುದು ಹೆಗಲು, ಬೆನ್ನು, ತೋಳಿನ ಉದ್ದ. ತೀರಿಕೊಂಡ ಅವನ ಅಬ್ಬಾ ಕನಸಿಗೆ ಬಂದರೆ ಎಡ ಹೆಗಲು ಅರ್ಧ ಇಂಚು ಇಳಿದಿರುತ್ತದೆ, ಅದರಿಂದ ಅಬ್ಬಾ ಎಂದು ತಿಳಿಯುತ್ತದೆ. ನಾನು ಬಂದರೆ ಹೇಗೆ ತಿಳಿಯುತ್ತದೆ ಎಂದು ಕೇಳಿದೆ. “ನಿಮ್ಮ ಹೊಟ್ಟಿ ನೋಡ್ರಿ, ವರ್ಷಾ ಒಂದೊಂದ ಇಂಚ ಮುಂದ ಬರತೈತಿ” ಎಂದ. ಮಷಿನ್ನಿನ ಕಡೆಯಿಂದ ಸಣ್ಣ ನಗು ಕೇಳಿಸಿತು.

ಆಮೇಲೆ ಅವನು ಹೇಳಿದ: “ನಾ ಬಿದ್ದಲ್ಲಿಂದ ಅವ ಹೊಳ್ಳಿ ಹತ್ತೂದು ಕಂಡೀನ್ರಿ. ಮೂವತ್ತಾರರ ಎದಿ. ರೆಡಿಮೇಡ್ ಅಂಗಿ, ಹೆಗಲಿನ ಹೊಲಗಿ ತೋಳಿಗಿ ಇಳಿದಿತ್ತು. ನೀವು ಹಿಡದಾವ ಹೆಂಗದಾನ?”

ಸಿದ್ರಾಯನನ್ನು ನೆನಪಿಸಿಕೊಂಡೆ. ನಲವತ್ತೆರಡಕ್ಕೆ ಕಡಿಮೆಯಿಲ್ಲ.

“ಮೂರ ದಿನದಾಗ ಆರ ಇಂಚ ಬೆಳೀತಾನೇನ್ರಿ ಮನಷ್ಯಾ?”

ನೋವಿನಲ್ಲಿ ಬಿದ್ದವನ ಕಣ್ಣಿಗೆ ಅಳತೆ ತಪ್ಪಬಹುದು ಎಂದೆ. ಅವನು ಒಪ್ಪಲಿಲ್ಲ. ನನಗೆ ಸಿಟ್ಟು ಬಂತು. “ಬೆನ್ನಿಂದು ಬಿಡು ದಸ್ತಗೀರ. ಅವನ ಮಾರಿ ನಾ ಕಣ್ಣಾರೆ ನೋಡೇನಿ” ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ದಸ್ತಗೀರ ದಾರ ಕಚ್ಚಿ ಹರಿದ. “ಮಾರಿ ಎಲ್ಲಿ ಕಂಡಿತ್ರಿ ಅಣ್ಣಾರ? ಟವೆಲ್ ಸುತ್ತಿದ್ನಲ್ಲ.”

ಮಷಿನ್ನು ನಿಂತಿತ್ತು. ನಾನು ಕಣ್ಣು ಮುಚ್ಚಿ, ಆತುರಪಡದೆ, ಮೊದಲಿನಿಂದ ನೋಡಿದೆ. ಟ್ರ್ಯಾಕ್ಟರು ತಿರುಗುತ್ತದೆ. ಸದ್ದು. ಡ್ರೈವರ ಇಳಿಯುತ್ತಾನೆ. ಎರಡು ಹೆಜ್ಜೆ. ನಮ್ಮನ್ನು ನೋಡುತ್ತಾನೆ, ಎರಡು ಕಣ್ಣುಗಳಿಂದ. ಕಣ್ಣುಗಳ ಮೇಲೆ ಟವೆಲು, ಕಣ್ಣುಗಳ ಕೆಳಗೆ ಟವೆಲು. ಬಿಳಿಯದು, ಅಂಚಿನಲ್ಲಿ ನೀಲಿ ಪಟ್ಟಿ. ಅಷ್ಟೇ. ಹಣೆ ಇಲ್ಲ, ಮೂಗು ಇಲ್ಲ, ಮೀಸೆ ಇಲ್ಲ.

ಕನಸಿನಲ್ಲಿ ಮಾತ್ರ ಅವನು ಟವೆಲು ಬಿಚ್ಚಿದ್ದ. ಬಿಚ್ಚಿದ ಮೇಲೆ ಅಲ್ಲಿ ಒಂದು ಮುಖ ಇರಬೇಕಾಯಿತು. ಖಾಲಿ ಹುದ್ದೆಯನ್ನು ಹಾಗೇ ಬಿಡಲು ಯಾವ ಕಚೇರಿಗೂ ಇಷ್ಟವಿರುವುದಿಲ್ಲ. ಹತ್ತಿರ ಯಾರು ಕುಳಿತಿದ್ದಾರೋ ಅವರಿಗೆ ಪ್ರಭಾರ ವಹಿಸುತ್ತಾರೆ. ಅವತ್ತು ನನಗೆ ಅತಿ ಹತ್ತಿರ, ಒಂದೇ ಬೆಂಚಿನ ಮೇಲೆ, ಟವೆಲು ಬಿಚ್ಚಿ ಕುಳಿತಿದ್ದವನು ಸಿದ್ರಾಯ. ಮಚ್ಚೆಯೇನೋ ನಿಜವೇ. ಒಂದು ಬಸಿ ಚಹಾ ಮುಗಿಯುವಷ್ಟು ಹೊತ್ತು ಅದನ್ನು ಒಂದು ಮೊಳ ದೂರದಿಂದ ನೋಡಿದ್ದೆ. ಅವನು ಬಯಲಿನಲ್ಲಿ ಹೇಳಿದ್ದೂ ಇದನ್ನೇ, ನಾನು ನಕ್ಕಿದ್ದೂ ಇದಕ್ಕೇ.

ಬೆಳಿಗ್ಗೆ ಹತ್ತಕ್ಕೆ ಬದಲಾಗಿ ಒಂಬತ್ತಕ್ಕೇ ಠಾಣೆಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಸಿದ್ರಾಯ ಕುಳಿತಿದ್ದ. ನನ್ನನ್ನು ನೋಡಿ ಸರಿದು ಜಾಗ ಬಿಟ್ಟ. ಅಭ್ಯಾಸಬಲ ಇರಬೇಕು. ನಾನು ಕೂರದೆ ಒಳಗೆ ಹೋದೆ.

ಹೆಡ್ ಕಾನ್‌ಸ್ಟೇಬಲ್ಲರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೋರ್ಟಿನಲ್ಲಿ ನನ್ನನ್ನು ಕಂಡವರು. ಈ ಮುಖವನ್ನು ನಾನು ಕನಸಿನಲ್ಲಿ ನೋಡಿದ್ದು, ರಸ್ತೆಯಲ್ಲಿ ಅಲ್ಲ ಎಂದು ಅವರಿಗೆ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವರು ಪೆನ್ನು ಕೆಳಗಿಟ್ಟರು.

“ಇದನ್ನ ಹೆಂಗ ಬರೀಲಿ ಹೇಳ್ರಿ, ಸರ್? ಸಾಕ್ಷಿದಾರರು ಮಲಗಿದ್ದಾಗ ನೋಡಿರುತ್ತಾರೆ ಅಂತನ?”

ಹೇಗೆ ಬರೆಯಬೇಕೆಂದು ನನಗೆ ಗೊತ್ತಿತ್ತು. ಅದೊಂದೇ ನನಗೆ ಗೊತ್ತಿದ್ದದ್ದು. ನಿಧಾನವಾಗಿ ಹೇಳಿ ಬರೆಯಿಸಿದೆ: “ಚಾಲಕನು ಮುಖಕ್ಕೆ ಟವೆಲು ಸುತ್ತಿಕೊಂಡಿದ್ದರಿಂದ ನಾನು ಅವನ ಮುಖವನ್ನು ನೋಡಿರುವುದಿಲ್ಲ.” ಸಾವಿರಾರು ಪುಟ ಬರೆದ ಕೈ ಇದು. ಆ ಒಂದು ವಾಕ್ಯದ ಕೆಳಗೆ ಮಾಡಿದ ಸಹಿ ಗೆರೆ ಬಿಟ್ಟು ಸೊಟ್ಟ ಹೋಯಿತು. ಹೆಡ್ ಕಾನ್‌ಸ್ಟೇಬಲ್ಲರು ಸಹಿಯನ್ನು ನೋಡಿ, ಬೇಕಾದರೆ ಇನ್ನೊಮ್ಮೆ ಮಾಡಿ ಎಂದರು. ಬೇಡ, ಇದೇ ನನ್ನದು ಎಂದೆ.

ಹೊರಗೆ ಬಂದು ಸಿದ್ರಾಯನಿಗೆ, ತಪ್ಪು ನನ್ನದು ಎಂದೆ. ಕನಸಿನ ವಿಷಯವನ್ನೂ ಹೇಳಿದೆ. ಅವನು ಬೈಯುತ್ತಾನೆಂದು ತಯಾರಾಗಿದ್ದೆ. ಅವನು “ನಿಮ್ಮ ಕನಸಿನ್ಯಾಗ ನಾ ಹೆಂಗ ಹೊಡಿತಿದ್ನ್ರಿ ಗಾಡಿ?” ಎಂದು ಕೇಳಿದ.

ಚೆನ್ನಾಗಿ ಹೊಡೆಯಲಿಲ್ಲ ಎಂದೆ.

“ಹಂಗಾರ ಅವ ನಾ ಅಲ್ಲ ಬಿಡ್ರಿ” ಎಂದ. ಹದಿನಾರು ವರ್ಷಗಳಲ್ಲಿ ಎರಡನೆಯ ಟ್ರ್ಯಾಲಿಯನ್ನು ಒಮ್ಮೆಯೂ ಬೀಸಲು ಬಿಟ್ಟವನಲ್ಲವಂತೆ. ಮುಖದ ಗುರುತಿಗಿಂತ ಅವನಿಗೆ ಈ ಗುರುತೇ ದೊಡ್ಡದಾಗಿತ್ತು. ಠಾಣೆಯವರು ಮರಳಿಸಿದ ಲೈಸೆನ್ಸು ಜೇಬಿಗಿಟ್ಟುಕೊಂಡು, ಹೆಗಲ ಮೇಲಿನ ಟವೆಲನ್ನು ತಲೆಗೂ ಮುಖಕ್ಕೂ ಸುತ್ತಿಕೊಂಡ. ಹಣೆ ಹೋಯಿತು, ಮಚ್ಚೆ ಹೋಯಿತು, ಮೀಸೆ ಹೋಯಿತು. ಎರಡು ಕಣ್ಣು ಉಳಿದವು. ಅವು ಯಾರ ಕಣ್ಣುಗಳಾದರೂ ಆಗಬಹುದಿತ್ತು.

ನಿಜವಾದ ಡ್ರೈವರ ಈವರೆಗೂ ಸಿಕ್ಕಿಲ್ಲ. ದಸ್ತಗೀರನ ಕಾಲು ಕೂಡಿಕೊಂಡು ಅವನು ಮತ್ತೆ ಮಷಿನ್ನಿಗೆ ಕುಳಿತಿದ್ದಾನೆ. ಹೆಂಡತಿಯ ಹೊಲಿಗೆಯೇ ನೆಟ್ಟಗಿತ್ತು ಎಂದು ಹೆಂಗಸರು ಹೇಳುತ್ತಾರೆ, ಅದು ಅವನ ಈಗಿನ ದುಃಖ. ಆ ಡ್ರೈವರ ಎಂದಾದರೂ ಒಂದು ದಿನ ಅಂಗಿ ಹೊಲಿಸಲು ಬಂದೇ ಬರುತ್ತಾನೆ ಎಂದು ಅವನ ನಂಬಿಕೆ. ಮೂವತ್ತಾರರ ಎದೆಯವರು ಬಂದಾಗಲೆಲ್ಲ ಟೇಪನ್ನು ಒಂದು ಗಳಿಗೆ ಹೆಚ್ಚು ಹಿಡಿಯುತ್ತಾನೆ. ತಾಲೂಕಿನಲ್ಲಿ ಅರ್ಧ ಜನ ಮೂವತ್ತಾರರವರೇ ಎಂದು ಮೊನ್ನೆ ಬೇಸರದಿಂದ ಹೇಳಿದ. ಗೋಧಿ ಮೈಬಣ್ಣದವರೂ ಅವರೇ ಎಂದೆ.

ಆ ಡ್ರೈವರ ನನ್ನ ಕನಸಿಗೆ ಈಗಲೂ ಬರುತ್ತಾನೆ. ಅದೇ ಕ್ರಾಸು, ಅದೇ ಥಂಡಿ. ಇಳಿಯುತ್ತಾನೆ, ಎರಡು ಹೆಜ್ಜೆ ಮುಂದೆ ಬರುತ್ತಾನೆ, ನನ್ನನ್ನು ನೋಡುತ್ತ ಟವೆಲಿನ ಗಂಟಿಗೆ ಕೈ ಹಾಕುತ್ತಾನೆ. ಅಲ್ಲಿಗೆ ನಾನು ಅವನನ್ನು ತಡೆಯುತ್ತೇನೆ.

“ಇರಲಿ ಬಿಡಪಾ,” ಎನ್ನುತ್ತೇನೆ, “ಥಂಡಿ ಭಾಳ ಐತಿ.”